ಸ್ಪಿರುಲಿನಾ ತೊಟ್ಟಿ: ಬಿಸಿಲಿನ ಜೊತೆ ಉಪ್ಪಿನ ಲೆಕ್ಕವೂ ಇರಲಿ

ಕಲಬುರಗಿ ಕಡೆ ಸ್ಪಿರುಲಿನಾ (ಆಹಾರಕ್ಕೆ ಬಳಸುವ ನೀಲಿ-ಹಸಿರು ಪಾಚಿ) ತೊಟ್ಟಿ ಮಾಡಿದವರು ಏಪ್ರಿಲ್-ಮೇ ಬಂತೆಂದರೆ "ಬಿಸಿಲಿಗಿ ಹೋತ್ರಿ" ಅನ್ನುತ್ತಾರೆ. ಅದು ಅರ್ಧ ನಿಜ. ಬಿಸಿಲು ನೀರನ್ನು ಕಾಯಿಸುವುದಲ್ಲದೆ ಆವಿಯನ್ನೂ ಮಾಡುತ್ತದೆ. ಉಪ್ಪು ಮಾತ್ರ ತೊಟ್ಟಿಯಲ್ಲೇ ಉಳಿಯುತ್ತದೆ. ಹೀಗಾಗಿ ಎರಡೂ ಪೆಟ್ಟು ಒಂದೇ ವಾರದಲ್ಲಿ ಬೀಳುತ್ತವೆ.

ಸ್ಪಿರುಲಿನಾ ಬೆಳೆಸುವ ಪೋಷಕ ದ್ರಾವಣವಾದ ಜರೂಕ್ ಮಾಧ್ಯಮದಲ್ಲಿ ಲೀಟರಿಗೆ ಅಡುಗೆ ಸೋಡಾ 16.8 ಗ್ರಾಂ, ಸೋಡಿಯಂ ನೈಟ್ರೇಟ್ 2.5 ಗ್ರಾಂ, ಉಪ್ಪು 1 ಗ್ರಾಂ; ಉಳಿದದ್ದನ್ನೂ ಸೇರಿಸಿದರೆ ಒಟ್ಟು ಸುಮಾರು 22 ಗ್ರಾಂ ಲವಣ. 20 ಸೆಂ.ಮೀ. ಆಳದ ತೊಟ್ಟಿ 16ಕ್ಕೆ ಇಳಿದರೆ ಅದೇ 22, ಲೀಟರಿಗೆ 27.5 ಆಗುತ್ತದೆ.

ಉಪ್ಪು ಹೆಚ್ಚಿದಾಗ ಸೋಡಿಯಂ ಕೋಶದೊಳಗೆ ನುಗ್ಗುತ್ತದೆ. ಅದನ್ನು ಹೊರದೂಡಲು ಶಕ್ತಿ ಬೇಕು. ಒಳಗಿನ ನೀರು ಹಿಡಿದಿಡಲು ಗ್ಲುಕೋಸಿಲ್‌ಗ್ಲಿಸರಾಲ್, ಟ್ರೆಹಲೋಸ್ ಎಂಬ ಸಕ್ಕರೆಯಂಥ ವಸ್ತುಗಳನ್ನು ತಯಾರಿಸಬೇಕು. ಬೆಳವಣಿಗೆಗೆ ಹೋಗಬೇಕಾದ ಇಂಗಾಲ ಅಲ್ಲಿಗೆ ಹೋಗುತ್ತದೆ. ಅಫನೋಥೀಸ್ ಹ್ಯಾಲೊಫೈಟಿಕಾದಂಥ ಉಪ್ಪುಪ್ರಿಯ ನೀಲಿ-ಹಸಿರು ಪಾಚಿಗಳು, ಕೋಶದಲ್ಲಿ ನೀರು ಹಿಡಿದಿಡುವ ಗ್ಲೈಸಿನ್ ಬೀಟೈನ್ ಬಲದಿಂದ ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಿನಲ್ಲೂ ಬದುಕುತ್ತವೆ. ಸ್ಪಿರುಲಿನಾದಿಂದ ಅಷ್ಟು ಬಯಸಬೇಡಿ. ಉಪ್ಪಿನ ಒತ್ತಡದಲ್ಲಿರುವ ಕೋಶಕ್ಕೆ ಬೆಳಕಿನಿಂದಾದ ಹಾನಿಯನ್ನು ಸರಿಪಡಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಮಧ್ಯಾಹ್ನದ ಬಿಸಿಲು ಕೊಲ್ಲುವುದು ಹೀಗೆ.

ನೀರಿನ ಉಷ್ಣತೆ 35ರಿಂದ 37 ಡಿಗ್ರಿ ಇದ್ದರೆ ಸ್ಪಿರುಲಿನಾಕ್ಕೆ ಹಬ್ಬ. 40 ದಾಟಿದರೆ ಅಪಾಯ, 20ರ ಕೆಳಗೆ ಬೆಳವಣಿಗೆ ತೀರಾ ನಿಧಾನ. ಬೀದರಿನ ಚಳಿಗಾಲದ ಬೆಳಗ್ಗೆ ನೀರು ತಣ್ಣಗಿದ್ದು ಬಿಸಿಲು ಚುರುಕಾಗಿದ್ದರೂ ಬಣ್ಣ ಮಾಸುತ್ತದೆ. ನೀರು ಕಾಯುವವರೆಗೆ ನೆರಳು ಬಲೆ ತೆಗೆಯಬೇಡಿ. ಬೇಸಿಗೆಯಲ್ಲಿ 50 ಶೇಕಡಾದ ಬಲೆ ಬೇಕೇ ಬೇಕು. ಥರ್ಮಾಮೀಟರನ್ನು ಮಧ್ಯಾಹ್ನ ಎರಡು-ಮೂರರ ಸುಮಾರಿಗೆ ನೋಡಿ, ಬೆಳಗ್ಗೆ ನೋಡಿದರೆ ಮೋಸ ಹೋಗುತ್ತೀರಿ.

ಇನ್ನು ನೀರು ತುಂಬುವ ವಿಚಾರ. ಮೊದಲ ದಿನವೇ ಗೋಡೆಗೆ ಬಣ್ಣದಲ್ಲಿ ಗೆರೆ ಎಳೆಯಿರಿ. ನಮ್ಮ ಮಟ್ಟಿಗೆ ದುಬಾರಿ ಪಿಎಚ್ (ಆಮ್ಲ-ಕ್ಷಾರದ ಅಳತೆ) ಮೀಟರಿಗಿಂತ ಈ ಗೆರೆಯೇ ಮೇಲು. ದಿನಾ ಸಂಜೆ ಗೆರೆ ಮುಟ್ಟುವಷ್ಟೇ ನೀರು ಹಾಕಿ. ವಾರಕ್ಕೊಮ್ಮೆ ಒಟ್ಟಿಗೆ ಸುರಿದರೆ ಲವಣ ದಿಢೀರ್ ಇಳಿದು ಕೋಶಗಳಿಗೆ ಅದೂ ಆಘಾತವೇ. ಮಳೆನೀರು, ಆರ್‌ಒ ನೀರು ಉತ್ತಮ. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಲೀಟರಿಗೆ 1,500 ಮಿ.ಗ್ರಾಂ ಇದ್ದು ದಿನಾ 1 ಸೆಂ.ಮೀ. ತುಂಬಿಸಿದರೆ, ತಿಂಗಳಿಗೆ ಲೀಟರಿಗೆ 2 ಗ್ರಾಂಗಿಂತ ಹೆಚ್ಚು ಲವಣ ಸೇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ತೊಟ್ಟಿಯ ಕ್ಷಾರ ನೀರಿನಲ್ಲಿ ರಂಜಕವನ್ನೂ ಹಿಡಿದುಕೊಂಡು ತಳಕ್ಕೆ ಬಿಳಿ ಪುಡಿಯಾಗಿ ಕೂರುತ್ತದೆ. ಯಾದಗಿರಿ ಕಾಲುವೆ ಪ್ರದೇಶದ ಸವಳು ಹೊಲಗಳ ಬಾವಿ ನೀರನ್ನಂತೂ ಅಳೆಯದೆ ಹಾಕಬೇಡಿ.

ಸಾಮಾನ್ಯ ಟಿಡಿಎಸ್ ಮೀಟರಿಗೆ ತೊಟ್ಟಿ ನೀರು ನೇರವಾಗಿ ಸಿಗುವುದಿಲ್ಲ, ಅಳತೆ ಮೀರುತ್ತದೆ. 10 ಮಿ.ಲೀ.ಗೆ 90 ಮಿ.ಲೀ. ಡಿಸ್ಟಿಲ್ಡ್ ನೀರು ಬೆರೆಸಿ, ತಣ್ಣಗಾದ ಮೇಲೆ ಓದಿ, ಮೊದಲ ದಿನದ ಅಂಕಿಗೆ ಹೋಲಿಸಿ. ಕಾಲು ಪಾಲು ಏರಿದ್ದರೆ ಮಟ್ಟ ನೋಡಿ. ಗೆರೆಗಿಂತ ಕೆಳಗಿದ್ದರೆ ನೀರು ಸಾಕು. ಗೆರೆಗೆ ಸರಿಯಾಗಿದ್ದೂ ಅಂಕಿ ಏರಿದ್ದರೆ ಸೋಸಿ ತೆಗೆದ ಮಾಧ್ಯಮದಲ್ಲಿ ಐದನೇ ಒಂದು ಪಾಲು ಚೆಲ್ಲಿ, ಆರ್‌ಒ ನೀರು ಹಾಕಿ. ಚೆಲ್ಲಿದಷ್ಟಕ್ಕೆ ನೈಟ್ರೇಟ್, ರಂಜಕ ಮರಳಿ ಕೊಡಬೇಕು. ಅಡುಗೆ ಸೋಡಾ ಕೊಡುವ ಮೊದಲು ಪಿಎಚ್ ನೋಡಿ, 10.5 ದಾಟಿದ್ದರೆ ಮಾತ್ರ ಕೊಡಿ.