ಕರಟದ ಇದ್ದಿಲಿನ ಜಿಂಕ್-ಅಯೋಡಿನ್ ಸೆಲ್: ಕುಲುಮೆ ಇದ್ದಿಲು ಬಂತು

ಕುಲುಮೆಯಲ್ಲಿ ಸುಟ್ಟ ಕರಟದ ಇದ್ದಿಲು ಕೊನೆಗೂ ಕರೆಂಟು ಹರಿಸುತ್ತಿದೆ. ಒಲೆಯಲ್ಲಿ ಸುಟ್ಟದ್ದಕ್ಕೆ ಮಲ್ಟಿಮೀಟರ್ ಕಡ್ಡಿ ಒತ್ತಿದರೆ ರೋಧ ಮೆಗಾಓಮ್‌ಗಳಲ್ಲಿ ತೋರಿಸುತ್ತಿತ್ತು. ಇದು ಹತ್ತಾರು ಓಮ್‌ಗೆ ಇಳಿದಿದೆ. ಕರಟವೂ ಅದೇ, ಮುಚ್ಚಿದ ಕಬ್ಬಿಣದ ಡಬ್ಬಿಯೂ ಅದೇ. ಬದಲಾಗಿದ್ದು ಶಾಖ ಮಾತ್ರ. ಸುಮಾರು 700 ಡಿಗ್ರಿ ದಾಟದೆ ಇಂಥ ಇದ್ದಿಲು ಒಳ್ಳೆಯ ವಾಹಕವಾಗುವುದಿಲ್ಲ.

ಹೊಸದಾಗಿ ಓದುವವರಿಗೆ: ನಾನು ಕಟ್ಟುತ್ತಿರುವುದು ಮತ್ತೆ ಮತ್ತೆ ಚಾರ್ಜ್ ಮಾಡಬಲ್ಲ ಬ್ಯಾಟರಿ ಸೆಲ್. ಒಂದು ಬದಿ ಜಿಂಕ್ ತಗಡು, ಇನ್ನೊಂದು ಬದಿ ಗ್ರಾಫೈಟ್ ಹಾಳೆಗೆ ಬಳಿದ ಇದ್ದಿಲು, ನಡುವೆ ಫಿಲ್ಟರ್ ಪೇಪರ್. ದ್ರಾವಣ ಜಿಂಕ್ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡಿನದು. ಚಾರ್ಜ್ ಮಾಡಿದಾಗ ಅಯೋಡೈಡು ಅಯೋಡಿನ್ ಆಗಿ ಇದ್ದಿಲಿನ ರಂಧ್ರಗಳಲ್ಲಿ ಕೂರುತ್ತದೆ, ದ್ರಾವಣದಲ್ಲಿರುವ ಜಿಂಕ್ ಹೋಗಿ ತಗಡಿಗೆ ಮೆತ್ತಿಕೊಳ್ಳುತ್ತದೆ. ಲೆಕ್ಕಕ್ಕೆ 1.3 ವೋಲ್ಟ್. ಲಿಥಿಯಂಗೆ ಬೇಕಾಗುವ ಗ್ಲೋವ್‌ಬಾಕ್ಸ್ (ಗಾಳಿ, ತೇವ ತಾಗದಂತೆ ಮುಚ್ಚಿದ ಪೆಟ್ಟಿಗೆ) ಇದಕ್ಕೆ ಬೇಡ, ನೀರಿನ ಸೆಲ್ ಆದ್ದರಿಂದ ಹೊತ್ತಿಕೊಳ್ಳುವ ಭಯವೂ ಇಲ್ಲ.

ತಲೆನೋವು ಏನೆಂದರೆ, ಅಯೋಡಿನ್ ಕೂತಲ್ಲಿ ಕೂರುವುದಿಲ್ಲ. ಅಯೋಡೈಡಿನ ಜೊತೆ ಸೇರಿ ಟ್ರೈಅಯೋಡೈಡ್ ಆಗಿ, ಕಂದು ಬಣ್ಣದಲ್ಲಿ ಜಿಂಕ್ ಕಡೆ ಹರಿದು ಅದನ್ನು ನೇರವಾಗಿ ತಿನ್ನುತ್ತದೆ. ಚಾರ್ಜ್ ಮಾಡಿಟ್ಟ ಸೆಲ್ ಬೆಳಗಾಗುವಷ್ಟರಲ್ಲಿ ಬರಿದಾಗುವುದು ಹೀಗೆ. ಇದನ್ನು ಹಿಡಿದಿಡಬಲ್ಲವು 2 ನ್ಯಾನೋಮೀಟರ್‌ಗಿಂತ ಕಿರಿದಾದ ರಂಧ್ರಗಳು, ಕರಟದ ಆಕ್ಟಿವೇಟೆಡ್ ಕಾರ್ಬನ್‌ನಲ್ಲಿ, ಅಂದರೆ ರಂಧ್ರ ಕೊರೆದ ಇದ್ದಿಲಿನಲ್ಲಿ, ಅಂಥವೇ ಹೆಚ್ಚು. ಮಾರುಕಟ್ಟೆಯಲ್ಲೂ ಅದರ ಗುಣಮಟ್ಟ ಹೇಳುವುದು 'ಅಯೋಡಿನ್ ಸಂಖ್ಯೆ'ಯಿಂದ, ಅಂದರೆ ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರಿತು ಎಂಬ ಲೆಕ್ಕ. ನಮ್ಮ ಕೆಲಸಕ್ಕೆ ಇದಕ್ಕಿಂತ ನೇರವಾದ ಅಳತೆ ಇಲ್ಲ.

ಹಾಗಾಗಿ ಸೆಲ್ ಕಟ್ಟುವ ಮುಂಚೆ ಲೋಟದಲ್ಲೇ ನೋಡಿದೆ. ಟಿಂಚರ್ ಅಯೋಡಿನ್ ಬೆರೆಸಿದ ನೀರಿಗೆ ಒಂದೇ ತೂಕದ ಪುಡಿಗಳನ್ನು ಹಾಕಿ, ಕಲಕಿ, ಸೋಸಿ, ಮೇಲೆ ಅಕ್ಕಿ ಗಂಜಿಯ ತಿಳಿ. ನೀರಲ್ಲಿ ಅಯೋಡಿನ್ ಉಳಿದಿದ್ದರೆ ಗಂಜಿ ನೀಲಿಯಾಗುತ್ತದೆ. ಒಲೆ ಇದ್ದಿಲಿನ ಲೋಟ ಕಡುನೀಲಿ. ಹೀರಿದ್ದು ಏನೂ ಇಲ್ಲ ಅನ್ನಬಹುದು. ಕುಲುಮೆಯದೂ ನೀಲಿಯೇ, ತುಸು ತೆಳು. ನೀರಿನ ಫಿಲ್ಟರ್‌ಗೆಂದು ಮಾರುವ ಕರಟದ ಕಾರ್ಬನ್ ಹಾಕಿದ್ದರಲ್ಲಿ ನೀಲಿಯ ಸುಳಿವೇ ಇಲ್ಲ. ಶಾಖದಿಂದ ವಾಹಕತೆ ಬಂತು, ರಂಧ್ರ ಬರಲಿಲ್ಲ. ಕಾರ್ಖಾನೆಗಳಲ್ಲಿ 800-900 ಡಿಗ್ರಿ ದಾಟಿಸಿ ಹಬೆ ಹಾಯಿಸುತ್ತಾರೆ. ಹಬೆ ಇಂಗಾಲವನ್ನೇ ಒಂದಿಷ್ಟು ಕೊರೆದು ಒಯ್ಯುತ್ತದೆ, ರಂಧ್ರ ಬರುವುದು ಹಾಗೆ.

ಇದ್ದಿಲನ್ನು ಗ್ರಾಫೈಟ್ ಹಾಳೆಗೆ ಹಿಡಿಸುವ ಅಂಟು ಸೋಡಿಯಂ ಆಲ್ಜಿನೇಟ್, ಕಂದು ಕಡಲಪಾಚಿಯದು. ನೀರಲ್ಲಿ ಕರಗುವ ಅಂಟು ನೀರಿನ ಸೆಲ್‌ನಲ್ಲಿ ನಿಲ್ಲುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ಜಿಂಕ್ ಅಯಾನು ತಾಗಿದ್ದೇ ಅದು ಗಟ್ಟಿ ಜೆಲ್ ಆಗುತ್ತದೆ, ಲೇಪ ಕದಲುವುದಿಲ್ಲ.

ಇನ್ನು ಡಬ್ಬಿಗೆ ಹಬೆಯ ಪೈಪು ಕೂರಿಸಬೇಕು. ಹೊರಬರುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್, ಆದ್ದರಿಂದ ಕೆಲಸ ಬಯಲಲ್ಲೇ. ಮಳೆ ಬಿಟ್ಟ ಮೇಲೆ ಬನ್ನಿ ಅಂದಿದ್ದಾರೆ ಕುಲುಮೆಯವರು. ಅಲ್ಲಿವರೆಗೆ ಫಿಲ್ಟರ್ ಕಾರ್ಬನ್ನಿನ ಸೆಲ್ ಚಾರ್ಜು-ಡಿಸ್ಚಾರ್ಜು ಆಗುತ್ತಿರಲಿ, ಹೋಲಿಸಲು ಬೇಕು.