ಪಟ್ಟಿಯಲ್ಲಿದೆ, ಹುಡುಕಿದರೆ ಸಿಗುವುದಿಲ್ಲ

14 ನವೆಂಬರ್ 2024, ಗುರುವಾರ, ರಾತ್ರಿ

ಪತ್ರ ಬೆಳಿಗ್ಗೆಯೇ ಬಂದಿತ್ತು, ತೆರೆದು ನೋಡಿದಾಗ ರಾತ್ರಿ ಹತ್ತು ದಾಟಿತ್ತು. ಅಪ್ಪನ ಪದಕೋಶಕ್ಕೆ ನಾನು ಕಟ್ಟಿದ ಜಾಲಪುಟಕ್ಕೆ ತಿಂಗಳಿಗೆ ಒಂದೋ ಎರಡೋ ಪತ್ರ ಬರುವುದು ಹೆಚ್ಚು. ಬರೆದವಳು ವಿದ್ಯಾರ್ಥಿನಿ. ಇಷ್ಟೇ ಇತ್ತು: “ನೀರವ ಎಂಬ ಪದ ನಿಮ್ಮ ಪಟ್ಟಿಯಲ್ಲಿ ಇದೆ. ಹುಡುಕಿದರೆ ಸಿಗುವುದಿಲ್ಲ. ನಾನು ಟೈಪ್ ಮಾಡುವುದರಲ್ಲಿ ಏನಾದರೂ ತಪ್ಪಿದೆಯೇ?”

ಕೊನೆಯ ಸಾಲು ಓದಿ ಸಂಕಟವಾಯಿತು. ತಪ್ಪು ಪುಟದ್ದು, ಆದರೆ ಆ ಹುಡುಗಿ ತನ್ನ ಬೆರಳುಗಳನ್ನು ಅನುಮಾನಿಸಿದ್ದಾಳೆ.

ಹುಡುಕುವ ಪೆಟ್ಟಿಗೆಯಲ್ಲಿ ನಾನೂ ನೀರವ ಎಂದು ಬರೆದೆ. ಇಲ್ಲ. ಪಟ್ಟಿಯಿಂದ ಪದವನ್ನು ನಕಲು ಮಾಡಿ ಅಂಟಿಸಿದೆ. ತಕ್ಷಣ ಬಂತು! ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದೆ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಪದದ ಉದ್ದ, ಅಂದರೆ ಅದರೊಳಗಿನ ಸಂಕೇತಗಳ ಸಂಖ್ಯೆ, ಗಣಕವನ್ನು ಕೇಳಿದಾಗ ನಾನು ಟೈಪ್ ಮಾಡಿದ್ದು ನಾಲ್ಕು, ಪಟ್ಟಿಯಲ್ಲಿದ್ದದ್ದು ಐದು.

ಒಂದೊಂದೇ ಸಂಕೇತವನ್ನು ಬಿಡಿಸಿದೆ. ನನ್ನ ಪದದಲ್ಲಿ ನ, ಅದರ ಮೇಲೆ ಇಡಿಯಾದ ‘ಈ’ಕಾರದ ಚಿಹ್ನೆ, ರ, ವ. ಪಟ್ಟಿಯ ಪದದಲ್ಲಿ ನ, ಬರೀ ಗುಡಿಸು, ಅದರ ಪಕ್ಕದಲ್ಲಿ ಬೇರೆಯಾಗಿ ಒಂದು ದೀರ್ಘ, ಆಮೇಲೆ ರ, ವ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಎಂಬ ಮಾನದಂಡದ ಕನ್ನಡ ವಿಭಾಗದಲ್ಲಿ ದೀರ್ಘಕ್ಕೇ ಪ್ರತ್ಯೇಕವಾದ ಒಂದು ಸಂಕೇತವಿದೆ. ಗುಡಿಸು ಮತ್ತು ದೀರ್ಘ ಒಟ್ಟಾದರೆ ‘ಈ’ಕಾರಕ್ಕೆ ಸಮ ಎಂದು ಯೂನಿಕೋಡ್ ಹೇಳುತ್ತದೆ. ಆದರೆ ನನ್ನ ಹುಡುಕಾಟ ಸಂಕೇತಕ್ಕೆ ಸಂಕೇತವನ್ನೇ ತಾಳೆ ನೋಡುತ್ತಿತ್ತು. ಅದಕ್ಕೆ ಎರಡೂ ಬೇರೆ ಬೇರೆ ಪದಗಳು.

ಒಂದನೆಯ ತರಗತಿಯಲ್ಲಿ ಬಳ್ಳಿ ಒಪ್ಪಿಸುವಾಗ ಇದನ್ನೇ ಅಲ್ಲವೇ ಹೇಳುತ್ತಿದ್ದದ್ದು? ಗುಡಿಸಿನ ದೀರ್ಘ. ಹೆಸರಿನಲ್ಲೇ ಎರಡು ತುಂಡುಗಳಿವೆ. ಆರು ವರ್ಷ ಈ ಕೋಡ್ ನನ್ನ ಕಣ್ಣ ಮುಂದೆಯೇ ಇದ್ದರೂ ಅದು ನೆನಪಾಗಲಿಲ್ಲ.

ಈ ಸಾಲನ್ನು ಬರೆದವರು ಯಾರು ಎಂದು ಕೋಡಿನ ಚರಿತ್ರೆಯನ್ನು ಇಟ್ಟುಕೊಳ್ಳುವ ಗಿಟ್ ತಂತ್ರಾಂಶದ ‘ಬ್ಲೇಮ್’ ಆಜ್ಞೆಯನ್ನು ಕೇಳಿದರೆ ಉತ್ತರ ಗೊತ್ತಿದ್ದದ್ದೇ, ನಾನು, 2018. ಅಪ್ಪ ಟೈಪ್ ಮಾಡಿಟ್ಟ ಕಡತಗಳೆಲ್ಲ ಹಳೆಯ ಫಾಂಟಿನವು. ಆ ಫಾಂಟುಗಳಲ್ಲಿ ಅಕ್ಷರವೆಂದರೆ ಚಿತ್ರ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಜಾಗದಲ್ಲಿ ಕಿ ಒಂದು ಚಿತ್ರ, ನಿ ಒಂದು ಚಿತ್ರ, ದೀರ್ಘ ಇನ್ನೊಂದು ಚಿತ್ರ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದನ್ನು ಯೂನಿಕೋಡಿಗೆ ತರಲು ನಾನೇ ಒಂದು ಪಟ್ಟಿ ಬರೆದಿದ್ದೆ. ಕಿ ಮತ್ತು ದೀರ್ಘ ಸೇರಿದರೆ ಕೀ, ತಿ ಮತ್ತು ದೀರ್ಘ ಸೇರಿದರೆ ತೀ, ಹೀಗೆ ಅಕ್ಷರಕ್ಕೊಂದು ಸಾಲು. ‘ನಿ’ಯ ಸಾಲು ಬಿಟ್ಟುಹೋಗಿದೆ. ಬಿಟ್ಟುಹೋದ ಕಡೆ ದೀರ್ಘ ಹಾಗೆಯೇ ಪಕ್ಕದಲ್ಲಿ ಕುಳಿತಿದೆ. ನೋಡಲು ಸರಿಯಾಗಿಯೇ ಕಾಣುತ್ತಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ನೀರವ, ನೀರಡಿಕೆ, ನೀಲಿ, ನೀತಿ. ಎಣಿಸಿದೆ, ಮೂವತ್ತೇಳು ಪದಗಳು.

ಹುಡುಕಾಟವನ್ನು ಸರಿಪಡಿಸಿದ್ದು ಒಂದೇ ಸಾಲು. ಬರೆದ ಪದ, ಪಟ್ಟಿಯ ಪದ ಎರಡನ್ನೂ ತಾಳೆ ನೋಡುವ ಮೊದಲು ನಾರ್ಮಲೈಸ್ ಮಾಡಿದರೆ ಬಿಡಿ ತುಂಡುಗಳು ಕೂಡಿ ಒಂದೇ ಚಿಹ್ನೆಯಾಗುತ್ತವೆ. ಪುಟ ಬರೆದ ಜಾವಾಸ್ಕ್ರಿಪ್ಟ್ ಭಾಷೆಗೆ ಈ ಸೌಲಭ್ಯ 2015ರ ಆವೃತ್ತಿಯಲ್ಲೇ ಬಂದಿತ್ತು. ನಾನು ಪುಟ ಕಟ್ಟುವ ಹೊತ್ತಿಗೆ ಅದಕ್ಕೆ ಮೂರು ವರ್ಷ. ನನಗೆ ತಿಳಿದಿರಲಿಲ್ಲ.

ಆರು ವರ್ಷದಲ್ಲಿ ಎಷ್ಟು ಜನ ಈ ಮೂವತ್ತೇಳರಲ್ಲಿ ಒಂದನ್ನು ಹುಡುಕಿ, ಸಿಗದೆ, ಸುಮ್ಮನೆ ಹೋದರೋ. ಬರೆದು ಕೇಳಿದವಳು ಇವಳೊಬ್ಬಳು.

ಮಧ್ಯಾಹ್ನದ ಮಾತು ಬರೆಯಬೇಕು.

ಕಚೇರಿಯಲ್ಲಿ ನನ್ನ ಮೇಲಧಿಕಾರಿ ಮೇಡಂ ಕರೆದು ಕೂರಿಸಿ ಹೇಳಿದರು, “ಮುಂದಿನ ತಿಂಗಳಿನಿಂದ ತಂಡ ನೀವು ನೋಡಿಕೊಳ್ಳಿ.” ನಿರೀಕ್ಷಿಸಿದ್ದ ಮಾತೇ. ಆದರೂ ಉತ್ತರ ಸಿದ್ಧವಿರಲಿಲ್ಲ. ಕೋಡ್ ಬರೆಯುವುದು ನಿಂತುಹೋಗುತ್ತದೆಯೇ ಎಂದು ಕೇಳಿದೆ.

“ನಿಲ್ಲಿಸಿ ಎಂದು ಯಾರೂ ಹೇಳುವುದಿಲ್ಲ,” ಎಂದರು. “ನನಗೂ ಯಾರೂ ಹೇಳಲಿಲ್ಲ. ಮೊದಲ ವರ್ಷ ವಾರಕ್ಕೆ ಒಂದು ದಿನ ಬರೆಯುತ್ತಿದ್ದೆ. ಆಮೇಲೆ ತಿಂಗಳಿಗೊಂದು ದಿನ. ಒಂದು ದಿನ ಬಿಲ್ಡ್ ಓಡಿಸಲು ಹೋದರೆ ನನ್ನ ಯಂತ್ರದಲ್ಲಿ ಅದಕ್ಕೆ ಬೇಕಾದದ್ದು ಯಾವುದೂ ಇರಲಿಲ್ಲ. ಅದನ್ನೆಲ್ಲ ಮತ್ತೆ ಹಾಕಿಕೊಳ್ಳಲೂ ಇಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಆ ಪದಗಳ ಪುಟ ಇದೆಯಲ್ಲ, ಅದನ್ನು ಬಿಡಬೇಡಿ,” ಎಂದರು. ಪುಟದ ವಿಷಯ ಅವರ ನೆನಪಿನಲ್ಲಿದೆ ಎಂದು ನಾನು ಅಂದುಕೊಂಡಿರಲಿಲ್ಲ.

ಹದಿನೈದು ವರ್ಷ. 2009ರಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಮಾಡಿದ್ದು ಬ್ರೌಸರಿನಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್‌ನಲ್ಲಿ ಮಕ್ಕಳ ಪಾಠಗಳು. 2020ರ ಕೊನೆಯ ದಿನ ಫ್ಲ್ಯಾಶ್‌ಗೆ ಬೆಂಬಲ ಮುಗಿಯಿತು, ಮುಂದಿನ ಜನವರಿಯಲ್ಲಿ ಪ್ಲೇಯರ್ ಅವುಗಳನ್ನು ಓಡಿಸುವುದನ್ನೇ ನಿಲ್ಲಿಸಿತು. ಆಮೇಲೆ ಜಾಲಪುಟ ಕಟ್ಟುವ ಚೌಕಟ್ಟಾದ ಆಂಗ್ಯುಲರ್ ಜೆಎಸ್. 2021ರ ಡಿಸೆಂಬರ್‌ನಲ್ಲಿ ಅದಕ್ಕೂ ಬೆಂಬಲ ನಿಂತಿತು. ಸಂಬಳಕ್ಕಾಗಿ ಬರೆದ ಮೊದಲ ಹತ್ತು ವರ್ಷದ ಕೋಡಿನಲ್ಲಿ ಇಂದು ಓಡುತ್ತಿರುವ ಒಂದು ಸಾಲನ್ನೂ ನಾನು ತೋರಿಸಲಾರೆ. ಚೌಕಟ್ಟುಗಳ ಗೊಡವೆಯಿಲ್ಲದೆ ಬರೀ ಎಚ್‌ಟಿಎಮ್ಎಲ್, ಜಾವಾಸ್ಕ್ರಿಪ್ಟಿನಲ್ಲಿ ಕಟ್ಟಿದ ಆ ಪುಟ ಮಾತ್ರ ಇದೆ. ಅದರ ತಪ್ಪುಗಳೂ ಇವೆ.

ಬಿಡುವಿನ ವೇಳೆಯ ಕೆಲಸ ಎಂದೊಡನೆ ಎಲ್ಲರೂ 1991ರಲ್ಲಿ ಹವ್ಯಾಸವಾಗಿ ಶುರುವಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತಾರೆ. ನನಗೆ ನೆನಪಾಗುವುದು ಜಾಲದಿಂದ ಕಡತಗಳನ್ನು ತರುವ ಕರ್ಲ್. 1998ರಲ್ಲಿ ಆ ಹೆಸರು ಪಡೆದ ತಂತ್ರಾಂಶವನ್ನು ಡೇನಿಯಲ್ ಸ್ಟೆನ್‌ಬರ್ಗ್ ಬೇರೆ ಬೇರೆ ಉದ್ಯೋಗಗಳ ನಡುವೆಯೇ ನೋಡಿಕೊಂಡರು. ಅದೇ ಅವರ ಪೂರ್ಣಾವಧಿ ಕೆಲಸವಾದದ್ದು 2019ರಲ್ಲಿ. ಎರಡು ದಶಕ ಸಂಜೆಗಳಲ್ಲಿ ಕುಳಿತು ದುರಸ್ತಿ ಮಾಡುತ್ತಲೇ ಇರುವ ಆ ತಾಳ್ಮೆಯ ಮೇಲೆ ನನಗೆ ಅಪಾರ ಗೌರವ.

ಹೊಸ ಹುದ್ದೆಗೆ ಹೊಸ ಒಪ್ಪಂದ. ಸಂಜೆ ಕುಳಿತು ಓದಿದೆ. ಉದ್ಯೋಗದಲ್ಲಿರುವ ಅವಧಿಯಲ್ಲಿ ಸಿದ್ಧಪಡಿಸಿದ ತಂತ್ರಾಂಶವೆಲ್ಲವೂ, ಕಚೇರಿಯ ವೇಳೆಯಲ್ಲಾಗಲಿ ಹೊರಗಾಗಲಿ, ಸಂಸ್ಥೆಯ ಸ್ವತ್ತು ಎಂಬ ಸಾಲಿದೆ. ಹಳೆಯ ಒಪ್ಪಂದದಲ್ಲಿ ‘ಹೊರಗಾಗಲಿ’ ಇರಲಿಲ್ಲ. ಮೇಡಂಗೆ ಸಂದೇಶ ಕಳಿಸಿದೆ. “ಕೊನೆಯಲ್ಲಿ ಅನುಬಂಧ ಇದೆ ನೋಡಿ. ಸೇರುವ ಮೊದಲೇ ನಿಮ್ಮದಾಗಿದ್ದದ್ದನ್ನು ಅಲ್ಲಿ ಬರೆಯಿರಿ. ಖಾಲಿ ಬಿಡಬೇಡಿ,” ಎಂದು ಉತ್ತರ ಬಂತು.

ಈ ಕಚೇರಿಗೆ ನಾನು ಸೇರಿದ್ದು 2021ರಲ್ಲಿ. ಪುಟದ ಮೊದಲ ಕಮಿಟ್, ಅಂದರೆ ಗಿಟ್ ಉಳಿಸಿಕೊಂಡ ಮೊದಲ ದಾಖಲೆ, 2018ರದ್ದು, ದಿನಾಂಕ ಸಮೇತ ಇದೆ. ಕೋಡನ್ನು ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಪರವಾನಗಿಯಲ್ಲಿ ಬಿಟ್ಟಿದ್ದೇನೆ, ಹೊರಗೆ ಹೋದ ಪ್ರತಿಗಳನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಅಲ್ಲಿಯವರೆಗೆ ಧೈರ್ಯವಿದೆ. ಆದರೆ ಇಂದು ರಾತ್ರಿ ಬರೆದ ಆ ಒಂದು ಸಾಲು? ಸಹಿ ಹಾಕಿದ ಮೇಲೆ ಇನ್ಯಾರೋ ಪತ್ರ ಬರೆದು, ನಾನು ಇನ್ನೊಂದು ಸಾಲು ಸೇರಿಸಿದರೆ ಅದು? ಸೋಮವಾರದೊಳಗೆ ಉತ್ತರ ಹೇಳಬೇಕು. ‘ಹೊರಗಾಗಲಿ’ ಎಂಬ ಆ ಒಂದು ಪದವನ್ನು ತೆಗೆಯಿರಿ ಎಂದು ಕೇಳುವುದು ಎಂದು ಸದ್ಯಕ್ಕೆ ತೀರ್ಮಾನಿಸಿದ್ದೇನೆ. ನಾಳೆ ಬೆಳಿಗ್ಗೆ ಇದೇ ಧೈರ್ಯ ಇರಬೇಕು.

ಹುಡುಗಿಗೆ ಬರೆದೆ. ನಿಮ್ಮ ಟೈಪಿಂಗ್ ಸರಿಯಾಗಿಯೇ ಇದೆ, ತಪ್ಪು ನನ್ನದು, ಈಗ ಹುಡುಕಿ ನೋಡಿ ಎಂದು.

ಅಪ್ಪನಿಗೆ ಇನ್ನೂ ಹೇಳಿಲ್ಲ. ಅನುಬಂಧವನ್ನು ತೆರೆದಿಟ್ಟುಕೊಂಡಿದ್ದೇನೆ, ಎರಡು ಕಲಂಗಳಿವೆ, ಕೃತಿಯ ಹೆಸರು, ಮಾಲೀಕರ ಹೆಸರು. ಕೋಡ್ ನನ್ನದು, ಪದಗಳೆಲ್ಲ ಅವರವು, ಹಾಗಾದರೆ ಎರಡನೆಯ ಕಲಂನಲ್ಲಿ