ಕೋರ್ಟ್‌ನೇ ವಂಶಾವಳಿ: ಮೂರನೇ ಜೋಸ್ಲಿನ್‌ನ ಚೌಕಕ್ಕೆ ಕೊನೆಗೂ ಶಾಯಿ ಬಿತ್ತು

ಕ್ರುಸೇಡ್ (ಕ್ರೈಸ್ತರ ಧರ್ಮಯುದ್ಧ) ಕಾಲದ ಕೋರ್ಟ್‌ನೇ ಮನೆತನದ ವಂಶಾವಳಿ ಫಲಕದಲ್ಲಿ ಆರು ವಾರಗಳಿಂದ ಪೆನ್ಸಿಲ್ಲಿನಲ್ಲೇ ಉಳಿದಿದ್ದ ಮೂರನೇ ಜೋಸ್ಲಿನ್‌ನ ಚೌಕಕ್ಕೆ ನಿನ್ನೆ ರಾತ್ರಿ ಶಾಯಿ ಹಾಕಿದೆ. ಹಾಳೆಯ ಅಳತೆ, ಪೀಳಿಗೆಗಳ ಅಂತರ, ಅಕ್ಷರಗಳ ಅಭ್ಯಾಸ ಇವೆಲ್ಲ ವಂಶಾವಳಿ ಬರೆಯುವವರಿಗೆ ಗೊತ್ತಿರುವ ಸಂಗತಿಗಳೇ ಆದ್ದರಿಂದ ನೇರವಾಗಿ ತೊಡಕಿಗೆ ಬರುತ್ತೇನೆ.

ನನ್ನ ಫಲಕಗಳಲ್ಲಿ ರಕ್ತಸಂಬಂಧಕ್ಕೆ ಕಪ್ಪು ಗೆರೆ, ಪದವಿಗೆ ಕೆಂಪು, ಭೂಮಿಗೆ ಹಸಿರು. ಮೊದಲನೇ ಜೋಸ್ಲಿನ್‌ನಲ್ಲಿ ಯಾವ ಕಷ್ಟವೂ ಇರಲಿಲ್ಲ. ಫ್ರಾನ್ಸಿನ ಕೋರ್ಟ್‌ನೇಯಿಂದ ಬಂದ ಅವನು ಟರ್ಬೆಸೆಲ್ ಕೋಟೆಯನ್ನು ಪಡೆದ, 1113ರಲ್ಲಿ ಅದನ್ನು ಕಳೆದುಕೊಂಡು ಗಲಿಲೀಯ ಒಡೆಯನಾದ, 1119ರಲ್ಲಿ ಎಡೆಸ್ಸಾದ (ಈಗಿನ ಟರ್ಕಿಯ ಉರ್ಫಾ) ಕೌಂಟ್, ಅಂದರೆ ಸೀಮೆಯ ಒಡೆಯ, ಆದ. ನೆಲ ಬದಲಾದಂತೆಲ್ಲ ಪದವಿಯೂ ಬದಲಾಗಿ, ಕೆಂಪು ಹಸಿರು ಎರಡೂ ಜೊತೆಯಾಗಿಯೇ ನಡೆದವು. ಎರಡನೇ ಜೋಸ್ಲಿನ್‌ನ ಕಾಲದಲ್ಲಿ, 1144ರ ಡಿಸೆಂಬರ್ 24ರಂದು, ಎಡೆಸ್ಸಾ ನಗರ ಮೊಸುಲ್ ಮತ್ತು ಅಲೆಪ್ಪೊಗಳ ಮುಸ್ಲಿಂ ದೊರೆ ಝೆಂಗಿಯ ಕೈಸೇರಿತು. 1150ರಲ್ಲಿ ಸೆರೆಸಿಕ್ಕ ಜೋಸ್ಲಿನ್ 1159ರಲ್ಲಿ ಅಲೆಪ್ಪೊದ ಸೆರೆಯಲ್ಲೇ ತೀರಿಕೊಂಡ. ಅವನು ಸಿಕ್ಕಿಬಿದ್ದ ಮೇಲೆ ಹೆಂಡತಿ ಬಿಯಾಟ್ರಿಸ್ ಅಳಿದುಳಿದ ಕೋಟೆಗಳನ್ನು ಬೈಜಾಂಟಿಯಂ ಸಾಮ್ರಾಟ ಮ್ಯಾನುಯೆಲ್‌ಗೆ ಮಾರಿದಳು. ಹಸಿರು ಗೆರೆ ಅಲ್ಲಿಗೆ ಕಡಿಯಿತು.

ಕೆಂಪು ಗೆರೆ ಮಾತ್ರ ಕಡಿಯಲಿಲ್ಲ. ಮಗ ಮೂರನೇ ಜೋಸ್ಲಿನ್, ತಾನು ಎಂದೂ ಆಳದ ಸೀಮೆಯ ಹೆಸರಿನಲ್ಲಿ, ಕೌಂಟ್ ಎಂದೇ ಕರೆಸಿಕೊಂಡ. 1164ರಲ್ಲಿ ಹಾರಿಮ್ ಯುದ್ಧದಲ್ಲಿ ಝೆಂಗಿಯ ಮಗ ನೂರುದ್ದೀನನ ಸೈನ್ಯಕ್ಕೆ ಸಿಕ್ಕಿ, ಹನ್ನೆರಡು ವರ್ಷಗಳ ನಂತರ ಬಿಡುಗಡೆಯಾಗಿ ಬಂದು, ಈಗಿನ ಇಸ್ರೇಲಿನ ಕರಾವಳಿಯ ಅಕ್ಕಾ ಪಟ್ಟಣದ ಹಿಂದಿನ ಗುಡ್ಡಗಳಲ್ಲಿ ಹಳ್ಳಿಯ ಮೇಲೆ ಹಳ್ಳಿ ಸೇರಿಸಿಕೊಂಡು ಒಂದು ದೊಡ್ಡ ಜಹಗೀರನ್ನೇ ಕಟ್ಟಿದ. ಇತಿಹಾಸಕಾರರು ಅದನ್ನು ಕೌಂಟ್ ಜೋಸ್ಲಿನ್‌ನ ಸೀಮೆ ಎಂದೇ ಕರೆಯುತ್ತಾರೆ. ಪದವಿ ನೂರಾರು ಕಿಲೋಮೀಟರ್ ಉತ್ತರದ ಎಡೆಸ್ಸಾದ್ದು, ನೆಲ ಅಕ್ಕಾದ್ದು.

ಕೆಂಪು ಗೆರೆಗೆ ಹೊಸ ಹಸಿರನ್ನು ಜೋಡಿಸಿದರೆ ಆ ಹಳ್ಳಿಗಳು ಎಡೆಸ್ಸಾಕ್ಕೆ ಸೇರಿದ್ದವು ಎಂಬ ಸುಳ್ಳನ್ನು ಬರೆದಂತಾಗುತ್ತಿತ್ತು. ಒಬ್ಬನಿಗೇ ಎರಡು ಚೌಕ ಬರೆದು ನೋಡಿದೆ, ನೋಡಿದವರು ಅಣ್ಣತಮ್ಮಂದಿರೆಂದುಕೊಂಡರು. ಕೊನೆಗೆ ಹಾದಿ ತೋರಿಸಿದ್ದು ದಾನಪತ್ರಗಳು. ಬಿಯಾಟ್ರಿಸ್ ಎಂಬ ಅಜ್ಜಿಯ ಹೆಸರನ್ನೇ ಹೊತ್ತ ಜೋಸ್ಲಿನ್‌ನ ಮಗಳು ಮತ್ತು ಅವಳ ಗಂಡ ಒಟ್ಟೊ ಫಾನ್ ಬೋಟನ್‌ಲಾಬೆನ್ 1220ರಲ್ಲಿ ಈ ಭೂಮಿಯನ್ನು ಜರ್ಮನ್ ಧರ್ಮಯೋಧರ ಟ್ಯೂಟಾನಿಕ್ ಸಂಘಕ್ಕೆ ಮಾರಿದಾಗ ಹಳೆಯ ಪತ್ರಗಳೂ ನೆಲದ ಜೊತೆಗೆ ಕೈ ಬದಲಾಯಿಸಿದವು. ಆ ಸಂಘದ ಭಂಡಾರದಲ್ಲಿ ಉಳಿದಿದ್ದರಿಂದಲೇ 1869ರಲ್ಲಿ ಬರ್ಲಿನ್‌ನಲ್ಲಿ ಅಚ್ಚಾಗಿ ನಮ್ಮವರೆಗೂ ಬಂದಿವೆ. ಅವುಗಳಲ್ಲಿ ಕೊಡುವವನ ಹೆಸರನ್ನು ಮತ್ತೊಮ್ಮೆ ಗಮನಿಸಿದೆ: ಜೆರುಸಲೇಮಿನ ದೊರೆ ನಾಲ್ಕನೇ ಬಾಲ್ಡ್ವಿನ್. ಕುಷ್ಠರೋಗದಿಂದ ನರಳುತ್ತಿದ್ದ ಆ ಯುವ ದೊರೆ ಜೋಸ್ಲಿನ್‌ನ ಅಕ್ಕತಂಗಿಯರಲ್ಲಿ ಒಬ್ಬಳಾದ ಆಗ್ನೆಸ್‌ಳ ಮಗ. 1163ರಲ್ಲಿ ಅವಳ ಗಂಡ ಅಮಾಲ್ರಿಕ್ ಜೆರುಸಲೇಮಿನ ಪಟ್ಟವೇರಬೇಕಾದರೆ ಆಗ್ನೆಸ್‌ಳನ್ನು ಬಿಡಲೇಬೇಕೆಂದು ಸರದಾರರು ಹಟ ಹಿಡಿದಿದ್ದರು. ಅವಳು ರಾಣಿಯಾಗಲಿಲ್ಲ, ಆದರೆ ಮಗ ದೊರೆಯಾದ, ಆ ಮಗ ಸೋದರಮಾವನಿಗೆ ನೆಲ ಕೊಟ್ಟ.

ನಮ್ಮ ಕರಾವಳಿಯ ಅಳಿಯಸಂತಾನದಲ್ಲಿ ಆಸ್ತಿ ಮಾವನಿಂದ ಅಳಿಯನ ಕಡೆಗೆ ಇಳಿಯುತ್ತಿತ್ತು. ಇಲ್ಲಿ ಅದು ಅಳಿಯನಿಂದ ಮಾವನ ಕಡೆಗೆ ಏರಿದೆ! ಗೆರೆಗಳೆಲ್ಲ ಮೇಲಿನಿಂದ ಕೆಳಕ್ಕೇ ಬರಬೇಕೆಂದು ನಾನು ನಂಬಿಕೊಂಡಿದ್ದೇ ಇಷ್ಟು ದಿನದ ಅಡ್ಡಿಯಾಗಿತ್ತು. ಈಗ ಬಾಲ್ಡ್ವಿನ್‌ನ ಚೌಕದಿಂದ ಹೊರಟ ಹಸಿರು ಗೆರೆ ಆಗ್ನೆಸ್‌ಳ ಹೆಸರನ್ನು ಬಳಸಿಕೊಂಡು ಮೇಲೇರಿ ಜೋಸ್ಲಿನ್‌ನ ಚೌಕವನ್ನು ಪಕ್ಕದಿಂದ ಮುಟ್ಟುತ್ತದೆ. ಕೆಂಪು ಗೆರೆ ತಂದೆಯಿಂದ ಒಂಟಿಯಾಗಿ ಇಳಿದು ಅಲ್ಲೇ ನಿಲ್ಲುತ್ತದೆ.

ಆ ಆರು ವಾರಗಳಲ್ಲಿ ಎರಡು ವಾರ ಶಾಯಿಗಾಗಿಯೇ ಹೋಯಿತು. ಅಂಗಡಿಯವರು ಕಳಿಸಿದ ಎರಡನೇ ಹಸಿರು ಬಾಟಲಿಯ ಮೇಲೆ ಅದೇ ಸಂಖ್ಯೆ ಇತ್ತು, ಒಳಗೆ ಮಾತ್ರ ಎಳೆಹುಲ್ಲಿನ ಬಣ್ಣ. ಕೇಳಿದರೆ ಒಣಗಿದ ಮೇಲೆ ಸರಿಹೋಗುತ್ತದೆ ಎಂದರು, ಒಣಗಿತು, ಸರಿಹೋಗಲಿಲ್ಲ. ಎರಡು ಹಸಿರುಗಳನ್ನು ಎರಡು ಬೇರೆ ಸೀಮೆಗಳೆಂದು ಓದುವ ಫಲಕದಲ್ಲಿ ಇದು ಸಣ್ಣ ವಿಷಯವಲ್ಲ. ಕಪ್ಪನ್ನು ಹನಿಹನಿಯಾಗಿ ಬೆರೆಸಿ ಹಳೆಯ ಬಣ್ಣಕ್ಕೆ ತಂದೆ.

ಮುಂದಿನ ಫಲಕ ಅದೇ ಕ್ರುಸೇಡ್ ನಾಡಿನ ಇನ್ನೊಂದು ಸರದಾರ ಮನೆ, ಇಬೆಲಿನ್ ಮನೆತನದ್ದು. 1250ರ ಹೊತ್ತಿಗೆ ಆ ಮನೆಯಲ್ಲಿ ಜಾನ್ ಎಂದು ಕೂಗಿದ್ದರೆ ಬೈರುತ್, ಅರ್ಸುಫ್, ಜಾಫಾ ಮೂರು ಊರುಗಳ ಒಡೆಯರೂ ತಿರುಗಿ ನೋಡುತ್ತಿದ್ದರು. ಅವರಿಗೆಂದು ಮೂರು ಅಗಲದ ನಿಬ್‌ಗಳನ್ನು ಈಗಲೇ ತೆಗೆದಿಟ್ಟಿದ್ದೇನೆ.

ಈ ಹಾಳೆಯಲ್ಲಿ ಬಿಯಾಟ್ರಿಸ್‌ಳ ಕೆಳಗೆ ನಾಲ್ಕು ಸೆಂಟಿಮೀಟರ್ ಜಾಗ ಉಳಿದಿದೆ. ಅವಳೂ ಒಟ್ಟೊನೂ ಜರ್ಮನಿಯ ಫ್ರೌವೆನ್‌ರೋಟ್‌ನಲ್ಲಿ 1231ರಲ್ಲಿ ಸನ್ಯಾಸಿನಿಯರ ಮಠವೊಂದನ್ನು ಕಟ್ಟಿಸಿದರು. ಗಾಳಿಗೆ ಹಾರಿದ ಅವಳ ಮುಸುಕು ಸಿಕ್ಕ ಜಾಗದಲ್ಲೇ ಆ ಮಠ ಎದ್ದಿತೆಂದು ಅಲ್ಲಿನ ಐತಿಹ್ಯ ಹೇಳುತ್ತದೆ. ಗಂಡಹೆಂಡಿರ ಕಲ್ಲಿನ ಸಮಾಧಿ ಪ್ರತಿಮೆಗಳು ಅಲ್ಲಿನ ಚರ್ಚಿನಲ್ಲಿ ಇಂದಿಗೂ ಇವೆ. ಹಸಿರು ಗೆರೆಯನ್ನು ಟ್ಯೂಟಾನಿಕ್ ಸಂಘದ ಕಪ್ಪು ಶಿಲುಬೆಯ ಕಡೆಗೆ ತಿರುಗಿಸಿದ ಮೇಲೆ, ಆ ಜಾಗದಲ್ಲಿ ಮುಸುಕನ್ನು ಬರೆಯುತ್ತೇನೆ.